ನೀರು ನೋಡಿ ಮೀನು ಬಿಡಿ
ಮನೆಯ ಗಾಜಿನ ತೊಟ್ಟಿಗೆ ಹೊಂದುವ ಮೀನು ಮತ್ತು ಗಿಡಗಳ ಆಯ್ಕೆ

ಬೆಳೆಗಾರ ಬಂಧುಗಳ ಮನೆಯ ಜಗಲಿಯಲ್ಲಿ, ಪಡಸಾಲೆಯಲ್ಲಿ ಈಗ ಗಾಜಿನ ಮೀನಿನ ತೊಟ್ಟಿ ಕಾಣುವುದು ಅಪರೂಪವಲ್ಲ. ಮಕ್ಕಳ ಆಸೆಗೆ ಪೇಟೆಯಿಂದ ತೊಟ್ಟಿ ಬರುತ್ತದೆ. ಅಂದೇ ನೀರು ತುಂಬಿ, ಕಣ್ಣಿಗೆ ಹಿಡಿಸಿದ ಹತ್ತು ಬಗೆಯ ಮೀನುಗಳನ್ನು ಒಟ್ಟಿಗೆ ಬಿಡುವುದಾಗುತ್ತದೆ. ತಿಂಗಳೊಳಗೆ ಒಂದೊಂದಾಗಿ ಮೀನು ಸಾಯುತ್ತವೆ. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ದೂರಿ, ತೊಟ್ಟಿಯನ್ನು ಅಟ್ಟಕ್ಕೆ ಸೇರಿಸುವುದೂ ಉಂಟು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಮೀನಿನದಲ್ಲ, ರೋಗದ್ದೂ ಅಲ್ಲ. ಆ ಮೀನಿಗೆ ಆ ನೀರು ಒಗ್ಗಲಿಲ್ಲ ಎಂಬುದೇ ಕಾರಣ.

ತೋಟ ಮಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಣ್ಣು ನೋಡದೆ ಸಸಿ ನೆಡುವವರು ನಮ್ಮಲ್ಲಿ ಯಾರೂ ಇಲ್ಲ. ಅದೇ ವಿವೇಕವನ್ನು ತೊಟ್ಟಿಗೂ ಅನ್ವಯಿಸಬೇಕು. ಯಾವ ಮೀನಿನ ಜೊತೆ ಯಾವ ಮೀನು ಎಂದು ಕೇಳುವ ಮೊದಲು, ನಮ್ಮ ನೀರಿಗೆ ಯಾವ ಮೀನು ಎಂದು ಕೇಳಬೇಕು. ಈ ಪಾಠದ ಸಾರಾಂಶ ಇಷ್ಟೇ.

ಒಂದೇ ರಾಜ್ಯ, ಎರಡು ನೀರು

ಉದಾಹರಣೆಗೆ ರಾಜ್ಯದ ಎರಡು ತುದಿಗಳನ್ನು ತೆಗೆದುಕೊಳ್ಳೋಣ. ಒಂದು ಕಡೆ ಬೀದರ್ ತಾಲ್ಲೂಕಿನ ಬಗದಲ್ ಮತ್ತು ಅದರಾಚೆಯ ಭಾಲ್ಕಿ, ಔರಾದ್ ಪ್ರದೇಶ. ಇನ್ನೊಂದು ಕಡೆ ಕಾಫಿ, ಅಡಿಕೆ ಬೆಳೆಯುವ ನಮ್ಮ ಮಲೆನಾಡು ಮತ್ತು ಕರಾವಳಿಯ ತಪ್ಪಲು. ಮಲೆನಾಡಿನ ಮಕ್ಕಳು ಪಶುವೈದ್ಯ ಶಿಕ್ಷಣಕ್ಕೆಂದು ಬೀದರಿಗೆ ಹೋಗುವುದುಂಟು. ರಾಜ್ಯದ ಮೀನುಗಾರಿಕೆ ಶಿಕ್ಷಣಕ್ಕೂ ಈ ಎರಡು ತುದಿಗಳೇ ಆಸರೆ. 2004ರ ಕಾಯಿದೆಯಿಂದ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಬೀದರಿನಲ್ಲಿದೆ. ಅದಕ್ಕೆ ಸೇರಿದ ಮೀನುಗಾರಿಕಾ ಕಾಲೇಜು 1969ರಿಂದ ಮಂಗಳೂರಿನಲ್ಲಿ ನಡೆಯುತ್ತಿದೆ.

ಬೀದರ್ ಸೀಮೆಯ ತಳದಲ್ಲಿರುವುದು ಕಪ್ಪು ಬಸಾಲ್ಟ್ ಬಂಡೆ. ಎರೆಭೂಮಿ ಹುಟ್ಟಿದ್ದೂ ಈ ಬಂಡೆಯಿಂದಲೇ. ಇದರ ಸಂದುಗಳಲ್ಲಿ ನಿಂತ ನೀರು ಸುಣ್ಣದ ಅಂಶವಾದ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಆದುದರಿಂದ ಇಂಥ ಬಾವಿ, ಬೋರುಗಳ ನೀರು ಸಾಮಾನ್ಯವಾಗಿ ಗಡಸು. ಬೀದರ್ ನಗರವಿರುವ ಎತ್ತರದ ಬಯಲಿನ ಮೇಲ್ಪದರ ಮಾತ್ರ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆ ಕಲ್ಲಿನದು. ಮುರಕಲ್ಲು ಮಳೆಯಲ್ಲಿ ತೊಳೆದು ತೊಳೆದು ಸುಣ್ಣ ಕಳೆದುಕೊಂಡ ಕಲ್ಲು, ಹೀಗಾಗಿ ಅದರಿಂದ ಒಸರುವ ನೀರು ಮೃದುವಾಗಿರುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದಿನ ಬಳಿ ತೋಡಿದ ಸುರಂಗ ಬಾವಿ ಈ ಮುರಕಲ್ಲಿನ ನೀರನ್ನೇ ನಂಬಿದ್ದು. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ಬೆಳೆಗಾರರು ಗುಡ್ಡ ಕೊರೆದು ಮಾಡಿದ ಸುರಂಗಗಳನ್ನು ಬಲ್ಲವರಿಗೆ ಈ ಸಂಗತಿ ಹೊಸದಾಗಿ ತೋರದು.

ಮಲೆನಾಡಿನ ಹಳ್ಳ, ತೊರೆ, ಸುರಂಗಗಳ ನೀರು ಮಳೆನೀರಿಗೆ ಹತ್ತಿರ. ಸುಣ್ಣದ ಅಂಶ ಕಡಿಮೆ, ಅನೇಕ ಕಡೆ ಸ್ವಲ್ಪ ಹುಳಿ ಗುಣವೂ ಇರುತ್ತದೆ. ತೋಟದ ಹುಳಿ ಮಣ್ಣಿಗೆ ಸುಣ್ಣ ಹಾಕುವ ಪದ್ಧತಿ ನಮ್ಮಲ್ಲಿರುವುದು ಇದೇ ಕಾರಣಕ್ಕೆ.

ಈಗ ಮೀನಿನ ವಿಷಯ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳು ಮರಿ ಹಾಕುವ ಜಾತಿಯವು. ಇವಕ್ಕೆ ಗಡಸು ನೀರೇ ಹಿತ. ಮೃದು ನೀರಿನಲ್ಲಿ, ಅದರಲ್ಲೂ ಮೋಲಿ, ರೆಕ್ಕೆ ಮುದುರಿಕೊಂಡು ಸೊರಗುತ್ತದೆ. ನಿಯಾನ್ ಟೆಟ್ರಾದಂಥ ಮೀನುಗಳ ಮೂಲ ದಕ್ಷಿಣ ಅಮೆರಿಕದ ಕಾಡಿನ ಮೃದು ನೀರು. ಪಶ್ಚಿಮ ಘಟ್ಟದ ನಮ್ಮ ಬಾರ್ಬ್ ಮೀನುಗಳೂ ಮೃದು ನೀರಿನವೇ. ಮೋಲಿ ಮತ್ತು ನಿಯಾನ್ ಒಂದನ್ನೊಂದು ಕಚ್ಚುವುದಿಲ್ಲ. ಆದರೂ ಒಂದೇ ತೊಟ್ಟಿಯಲ್ಲಿ ಎರಡೂ ಚೆನ್ನಾಗಿ ಬಾಳವು. ಒಂದಕ್ಕೆ ಹಿತವಾದ ನೀರು ಇನ್ನೊಂದಕ್ಕೆ ಒಗ್ಗದು.

ನೀರಿನ ಪರೀಕ್ಷೆ

ಬೀದರಿನಲ್ಲೆಲ್ಲ ಗಡಸು, ಮಲೆನಾಡಿನಲ್ಲೆಲ್ಲ ಮೃದು ಎಂದು ಕಣ್ಣು ಮುಚ್ಚಿ ನಂಬಬಾರದು. ಒಂದೇ ಊರಿನ ಎರಡು ಬಾವಿಗಳ ನೀರು ಬೇರೆ ಬೇರೆಯಾಗಿರಬಹುದು. ಅಡುಗೆಮನೆಯೇ ಮೊದಲ ಪ್ರಯೋಗಶಾಲೆ. ತೊಗರಿ ಬೇಳೆ ಬೇಗ ಬೇಯದಿದ್ದರೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಚಕ್ಕೆ ಕಟ್ಟುತ್ತಿದ್ದರೆ ಅದು ಗಡಸು ನೀರು.

ಇನ್ನೂ ಖಚಿತವಾಗಬೇಕಾದರೆ ಒಂದೇ ಅಳತೆಯ ಎರಡು ಬಾಟಲಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಅರ್ಧದಷ್ಟು ಮಳೆನೀರು, ಇನ್ನೊಂದರಲ್ಲಿ ಅಷ್ಟೇ ಬಾವಿನೀರು ಹಾಕಿ. ಬಟ್ಟೆ ಒಗೆಯುವ ಪುಡಿ ಬೇಡ, ಸಾಬೂನಿನ ಬಿಲ್ಲೆಯ ಚೂರನ್ನು ಕರಗಿಸಿ ಎರಡಕ್ಕೂ ಸಮನಾಗಿ ಕೆಲವು ಹನಿ ಸೇರಿಸಿ ಕುಲುಕಿರಿ. ಮಳೆನೀರಿನಂತೆಯೇ ದಟ್ಟ ನೊರೆ ಬಂದರೆ ಬಾವಿನೀರು ಮೃದು. ನೊರೆ ಏಳದೆ ಹಾಲಿನಂಥ ಗಷ್ಟು ಕಟ್ಟಿದರೆ ಗಡಸು. ಪಿ.ಎಚ್. ತಿಳಿಯಲು ಅಕ್ವೇರಿಯಂ ಅಂಗಡಿಯಲ್ಲಿ ಪರೀಕ್ಷಾ ಪಟ್ಟಿಗಳು ಸಿಗುತ್ತವೆ.

ಗಡಸು ನೀರನ್ನು ಮೃದು ಮಾಡಲು, ಮೃದು ನೀರನ್ನು ಗಡಸು ಮಾಡಲು ಔಷಧಿ ಸುರಿಯುವ ಗೋಜಿಗೆ ಹೋಗಬೇಡಿ. ಪ್ರತಿವಾರ ನೀರು ಬದಲಿಸುವಾಗ ಏರುಪೇರಾಗಿ ಮೀನು ಇನ್ನಷ್ಟು ಬಳಲುತ್ತದೆ. ಇರುವ ನೀರಿಗೆ ತಕ್ಕ ಮೀನು ತರುವುದೇ ಖರ್ಚು ಕಡಿಮೆಯ, ನೆಮ್ಮದಿಯ ದಾರಿ.

ತೊಟ್ಟಿ, ಮರಳು, ಕಲ್ಲು

ಸಣ್ಣ ತೊಟ್ಟಿ ನೋಡಿಕೊಳ್ಳುವುದು ಸುಲಭವೆಂಬುದು ತಪ್ಪು ತಿಳಿವಳಿಕೆ. ನೀರು ಕಡಿಮೆಯಾದಷ್ಟೂ ಬೇಗ ಕೆಡುತ್ತದೆ, ಬೇಗ ಕಾಯುತ್ತದೆ. ಸಾಧ್ಯವಾದರೆ 3 ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಕೊಳ್ಳಿ. ಇದರ ಒಟ್ಟು ಹಿಡಿತ ಸುಮಾರು 132 ಲೀಟರು. ಮರಳು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ನಿಜವಾದ ನೀರು ಸುಮಾರು 108 ಲೀಟರು ಉಳಿಯುತ್ತದೆ. ಗಾಜು, ಮರಳು ಸೇರಿ ತೂಕ ಒಂದೂವರೆ ಕ್ವಿಂಟಲ್ ದಾಟುವುದರಿಂದ ಅಡಿಯ ಮೇಜು ಗಟ್ಟಿಯಾಗಿ, ಸಮಮಟ್ಟವಾಗಿ ಇರತಕ್ಕದ್ದು. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟರೆ ಪಾಚಿ ಮುತ್ತುತ್ತದೆ.

ತಳಕ್ಕೆ 5 ಸೆಂಟಿಮೀಟರಿನಷ್ಟು ಹೊಳೆಯ ದಪ್ಪ ಮರಳು ಸಾಕು. ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಬೇಕು. ಅಲಂಕಾರದ ಕಲ್ಲಿನ ಮೇಲೆ ಲಿಂಬೆರಸ ಹಿಂಡಿ ನೋಡಿ. ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ. ಕಪ್ಪೆಚಿಪ್ಪು, ಅಮೃತಶಿಲೆಯ ಚೂರುಗಳೂ ಹಾಗೆಯೇ. ಗಪ್ಪಿ, ಪ್ಲಾಟಿಯ ತೊಟ್ಟಿಯಲ್ಲಿ ಇವು ಇದ್ದರೆ ಬಾಧಕವಿಲ್ಲ, ಬಾರ್ಬ್ ಮೀನಿನ ತೊಟ್ಟಿಯಲ್ಲಿ ಬೇಡ.

ಮೊದಲು ಗಿಡ, ಆಮೇಲೆ ಮೀನು

ನೆರಳು ಮರ ಎದ್ದ ಮೇಲೆ ಕಾಫಿ ನೆಡುವಂತೆ, ಗಿಡ ಬೇರೂರಿದ ಮೇಲೆ ಮೀನು ಬಿಡಬೇಕು. ಮೀನಿನ ಹೊಲಸು ಗಿಡಕ್ಕೆ ಗೊಬ್ಬರ. ಗಿಡ ಮೀನಿಗೆ ಮರೆ ಕೊಟ್ಟು ಹಗಲಿನಲ್ಲಿ ಆಮ್ಲಜನಕವನ್ನೂ ಕೊಡುತ್ತದೆ. ರಾತ್ರಿ ಗಿಡವೂ ಆಮ್ಲಜನಕ ಬಳಸುವುದರಿಂದ ಗಾಳಿಯ ಪಂಪನ್ನು ರಾತ್ರಿ ನಿಲ್ಲಿಸಕೂಡದು.

ಗಡಸು ನೀರಿಗೆ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಸೆರಟೋಫಿಲ್ಲಮ್ ಚೆನ್ನ. ವ್ಯಾಲಿಸ್ನೇರಿಯಾ ಹುಲ್ಲಿನ ಎಸಳಿನಂತೆ ಉದ್ದ ಬೆಳೆದು ಹಿಂಬದಿಗೆ ಪರದೆಯಾಗುತ್ತದೆ. ಸೆರಟೋಫಿಲ್ಲಮ್‌ಗೆ ಬೇರಿಲ್ಲ, ತೇಲಿಬಿಟ್ಟರೂ ಬೆಳೆಯುತ್ತದೆ.

ಮೃದು ನೀರಿಗೆ ಕ್ರಿಪ್ಟೊಕೊರೈನ್, ರೊಟಾಲಾ, ಲಿಮ್ನೊಫಿಲಾ ಹೊಂದುತ್ತವೆ. ಕ್ರಿಪ್ಟೊಕೊರೈನ್ ಜಾತಿಯ ಕೆಲವು ಗಿಡಗಳು ಪಶ್ಚಿಮ ಘಟ್ಟದ ತೊರೆಗಳಲ್ಲೇ ಹುಟ್ಟುವಂಥವು, ಮಂದ ಬೆಳಕಿನಲ್ಲೂ ಬದುಕುತ್ತವೆ. ಸ್ಥಳ ಬದಲಾದಾಗ ಅವುಗಳ ಎಲೆ ಕರಗಿ ಹೋಗುವುದುಂಟು. ಸತ್ತಿತೆಂದು ಕಿತ್ತೆಸೆಯಬೇಡಿ, ಬೇರಿನಿಂದ ಮತ್ತೆ ಚಿಗುರುತ್ತದೆ. ದಿನಕ್ಕೆ 8 ತಾಸು ದೀಪ ಸಾಕು. ತೋಟದ ರಸಗೊಬ್ಬರವನ್ನು ಚಿಟಿಕೆಯಷ್ಟೂ ಹಾಕಕೂಡದು.

ತೊಟ್ಟಿ ಹದಗೊಳ್ಳಬೇಕು

ಮೀನಿನ ಹೊಲಸಿನಿಂದ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಇದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಇದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮಣ್ಣಿಗೆ ಹಾಕಿದ ಯೂರಿಯ ನೈಟ್ರೇಟ್ ಆಗುವ ಕ್ರಿಯೆಯೇ ಇದು. ಆದರೆ ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಾಣುಗಳು ಸಾಕಷ್ಟಿರುವುದಿಲ್ಲ. ಅವು ಸ್ಪಂಜು ಫಿಲ್ಟರಿನಲ್ಲಿ, ಮರಳಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಅಷ್ಟು ದಿನ ಗಿಡ ಮಾತ್ರ ಇರಲಿ, ಫಿಲ್ಟರು ಓಡುತ್ತಿರಲಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಹದಗೊಂಡ ಇನ್ನೊಂದು ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ ಕೆಲಸ ಬೇಗ ಆಗುತ್ತದೆ.

ಇಲ್ಲಿಯೂ ನೀರಿನ ಗುಣ ಲೆಕ್ಕಕ್ಕೆ ಬರುತ್ತದೆ. ಪಿ.ಎಚ್. 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಗಡಸು, ಕ್ಷಾರ ನೀರಿನವರು ಆಹಾರ ಹೆಚ್ಚಾಗದಂತೆ ವಿಶೇಷವಾಗಿ ಎಚ್ಚರ ವಹಿಸಬೇಕು. ಮೃದು ನೀರಿನವರಿಗೆ ಬೇರೆ ತೊಂದರೆ. ತಡೆಯಲು ಸುಣ್ಣದ ಅಂಶವಿಲ್ಲದ ಕಾರಣ, ನೀರು ಬದಲಿಸದೆ ಬಿಟ್ಟರೆ ಪಿ.ಎಚ್. ಥಟ್ಟನೆ ಕುಸಿಯುತ್ತದೆ. ಇಬ್ಬರಿಗೂ ಮದ್ದು ಒಂದೇ. ವಾರಕ್ಕೊಮ್ಮೆ ಐದನೇ ಒಂದು ಪಾಲು ನೀರು ತೆಗೆದು, ಅದೇ ಮೂಲದ ಹೊಸ ನೀರು ಹಾಕುವುದು. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಿ. ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೆಗೆಯಿರಿ.

ಎಷ್ಟು ಮೀನು, ಯಾವ ಮೀನು

ಒಂದು ಸರಳ ಲೆಕ್ಕ ನೆನಪಿರಲಿ. 2 ಲೀಟರು ನೀರಿಗೆ 1 ಸೆಂಟಿಮೀಟರು ಮೀನು. ಅಂಗಡಿಯಲ್ಲಿ ಕಾಣುವ ಮರಿಯ ಉದ್ದವಲ್ಲ, ಬೆಳೆದ ಮೀನಿನ ಉದ್ದವನ್ನು ಹಿಡಿಯಬೇಕು. 108 ಲೀಟರಿಗೆ 54 ಸೆಂಟಿಮೀಟರು ಬರುತ್ತದೆ. ಈ ಲೆಕ್ಕ ಚಿಕ್ಕ ಮೀನುಗಳಿಗೆ ಮಾತ್ರ ಸಲ್ಲುತ್ತದೆ.

ಅಡಿಕೆ ತೋಟದಲ್ಲಿ ಮೇಲೆ ಅಡಿಕೆ, ಮರಕ್ಕೆ ಹಬ್ಬಿದ ಮೆಣಸು, ನಡುವೆ ಬಾಳೆ, ಕೆಳಗೆ ಏಲಕ್ಕಿ ಇರುವಂತೆ ತೊಟ್ಟಿಯಲ್ಲೂ ಅಂತಸ್ತುಗಳಿವೆ. ಕೆಲವು ಮೀನು ಮೇಲ್ನೀರಿನಲ್ಲಿ, ಕೆಲವು ನಡುನೀರಿನಲ್ಲಿ, ಕೆಲವು ತಳದಲ್ಲಿ ಇರುತ್ತವೆ. ಅಂತಸ್ತು ನೋಡಿ ಆರಿಸಿದರೆ ನೂಕಾಟವಿರದು. ಗುಂಪಿನಲ್ಲಿ ಬದುಕುವ ಮೀನನ್ನು ಆರಕ್ಕೆ ಕಡಿಮೆ ತರಬಾರದು. ಒಂಟಿಯಾದರೆ ಹೆದರಿ ಮೂಲೆ ಸೇರುತ್ತದೆ, ಇಲ್ಲವೆ ಉಳಿದವನ್ನು ಕಚ್ಚುತ್ತದೆ.

ಗಡಸು ನೀರಿನ ತೊಟ್ಟಿ, ಬಗದಲ್, ಭಾಲ್ಕಿ, ಔರಾದ್ ಕಡೆಯ ಬಾವಿನೀರಿಗೆ:
1. ಪ್ಲಾಟಿ 6. ಬೆಳೆದಾಗ ಒಂದೊಂದು 6 ಸೆಂ.ಮೀ., ಒಟ್ಟು 36. ನಡುನೀರು.
2. ಗಂಡು ಗಪ್ಪಿ 6. ಒಂದೊಂದು 3 ಸೆಂ.ಮೀ., ಒಟ್ಟು 18. ಮೇಲ್ನೀರು.
ಪ್ಲಾಟಿಯಲ್ಲೂ ಗಂಡುಗಳನ್ನೇ ಆರಿಸುವುದು ಲೇಸು. ಹೆಣ್ಣು ಒಮ್ಮೆ ಕೂಡಿದರೆ ಹಲವು ತಿಂಗಳು ಮರಿ ಹಾಕುತ್ತಲೇ ಇರುತ್ತದೆ, ತೊಟ್ಟಿ ತುಂಬಿಹೋಗುತ್ತದೆ.

ಮೃದು ನೀರಿನ ತೊಟ್ಟಿ, ಮಲೆನಾಡಿನ ನೀರಿಗೆ:
1. ಮೆಲನ್ ಬಾರ್ಬ್ 6. ಒಂದೊಂದು 6 ಸೆಂ.ಮೀ., ಒಟ್ಟು 36. ನಡುನೀರು. ಇದು ಪಶ್ಚಿಮ ಘಟ್ಟದ್ದೇ ಮೀನು, ಮೈಮೇಲೆ ಕಪ್ಪು ಪಟ್ಟೆ.
2. ಲೋಚ್ ಜಾತಿಯ ಪುಟ್ಟ ಮೀನು 3. ಒಂದೊಂದು 6 ಸೆಂ.ಮೀ., ಒಟ್ಟು 18. ತಳದ ಮರಳಿನಲ್ಲಿ ಆಹಾರ ಹುಡುಕುತ್ತದೆ.

ನೀರು ಗಡಸೂ ಅಲ್ಲ, ಮೃದುವೂ ಅಲ್ಲ ಎನ್ನುವ ಕಡೆ ಜೀಬ್ರಾ ಮೀನನ್ನು ನಂಬಬಹುದು. ಇದು ಭಾರತದ್ದೇ ಮೀನು, 4 ಸೆಂಟಿಮೀಟರು ಬೆಳೆಯುತ್ತದೆ, ಗಟ್ಟಿ ಪ್ರಾಣಿ. ಮೇಲಿನ ಯಾವ ಪಟ್ಟಿಯಲ್ಲಾದರೂ 36 ಸೆಂಟಿಮೀಟರಿನ ಬದಲು 9 ಜೀಬ್ರಾ ಹಾಕಬಹುದು.

ಎಲ್ಲವನ್ನೂ ಒಂದೇ ದಿನ ಬಿಡಬೇಡಿ. ಮೊದಲ ಗುಂಪು ಬಿಟ್ಟು ಎರಡು ವಾರ ಕಳೆದ ಮೇಲೆ ಎರಡನೆಯದು. ಮೀನು ಬಂದ ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಆಮೇಲೆ ತೊಟ್ಟಿಯ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವಾಗಿ ಒಂದು ಗಂಟೆಯವರೆಗೆ ಚೀಲಕ್ಕೆ ಸೇರಿಸಿ. ಅಂಗಡಿಯ ನೀರಿಗೂ ನಿಮ್ಮ ನೀರಿಗೂ ವ್ಯತ್ಯಾಸ ಹೆಚ್ಚಿದ್ದಷ್ಟೂ ಈ ನಿಧಾನ ಅಗತ್ಯ. ಕೊನೆಗೆ ಮೀನನ್ನು ಮಾತ್ರ ಬಲೆಯಿಂದ ತೆಗೆದು ಬಿಡಿ, ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ. ಆಹಾರ ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಇರಲಿ.

ಜೊತೆಗೆ ಕೂಡದವು

ಚಿನ್ನದ ಮೀನು ತಂಪು ನೀರಿನದು. ಹೊಲಸು ಹೆಚ್ಚು ಮಾಡುತ್ತದೆ, ಎಳೆಯ ಗಿಡ ತಿನ್ನುತ್ತದೆ, ಅಡಿಯುದ್ದದವರೆಗೂ ಬೆಳೆಯಬಲ್ಲದು. ಅದಕ್ಕೆ ಪ್ರತ್ಯೇಕ ದೊಡ್ಡ ತೊಟ್ಟಿಯೇ ಬೇಕು. ಟೈಗರ್ ಬಾರ್ಬ್ ಉದ್ದ ರೆಕ್ಕೆಯ ಗಪ್ಪಿ, ಏಂಜಲ್ ಮೀನುಗಳ ರೆಕ್ಕೆ ಹರಿಯುತ್ತದೆ. ಏಂಜಲ್ ದೊಡ್ಡದಾದ ಮೇಲೆ ನಿಯಾನನ್ನು ನುಂಗುತ್ತದೆ. ಆಸ್ಕರ್, ಫ್ಲವರ್‌ಹಾರ್ನ್‌ಗಳು ಬಾಯಿಗೆ ಸಿಕ್ಕಿದ್ದನ್ನೆಲ್ಲ ತಿನ್ನುವಂಥವು. ಗಾಜು ಶುಚಿ ಮಾಡುತ್ತದೆಂದು ಮಾರುವ ಸಕ್ಕರ್ ಮೀನಿನ ಸಾಮಾನ್ಯ ಜಾತಿ ಒಂದಡಿ ಮೀರಿ ಬೆಳೆಯುತ್ತದೆ.

ಮಿಸ್ ಕೇರಳ ಎಂಬ ಹೆಸರಿನಿಂದ ಮಾರಾಟವಾಗುವ ಡೆನಿಸನ್ ಬಾರ್ಬ್ ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳ ಮೀನು. ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿ 1865ರಲ್ಲಿ ಇದನ್ನು ಮೊದಲು ವರ್ಣಿಸಿದನು. ಅಕ್ವೇರಿಯಂ ವ್ಯಾಪಾರಕ್ಕೆ ಹೊಳೆಗಳಿಂದ ಮಿತಿಮೀರಿ ಹಿಡಿದ ಕಾರಣವೂ ಸೇರಿ ಇದು ಅಳಿವಿನ ಅಂಚಿನ ಮೀನುಗಳ ಪಟ್ಟಿಗೆ ಬಂದಿದೆ. ಹರಿವ ನೀರು, ಉದ್ದವಾದ ತೊಟ್ಟಿ ಬಯಸುವ ಈ ಮೀನನ್ನು ಹೊಳೆಯಲ್ಲೇ ಬಿಡುವುದು ಧರ್ಮ. ನಮ್ಮ ನಾಡಿನ ಮೀನು ಯಾವುದೇ ಇರಲಿ, ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೇಳಿ ಕೊಳ್ಳಿ.

ತೋಟದ ಔಷಧಿಯ ಭಯ

ಇದು ವಿಶೇಷವಾಗಿ ಅಡಿಕೆ ಬೆಳೆಗಾರರಿಗೆ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತು ಇರುತ್ತದೆ. ಅದರ ನಾಲ್ಕನೇ ಒಂದು ಪಾಲು ತಾಮ್ರ. ಈ ದ್ರಾವಣದ 10 ಮಿಲಿಲೀಟರು, ಅಂದರೆ ಎರಡು ಟೀ ಚಮಚದಷ್ಟು, 100 ಲೀಟರಿನ ತೊಟ್ಟಿಗೆ ಬಿದ್ದರೆ ಲೀಟರಿಗೆ ಕಾಲು ಮಿಲಿಗ್ರಾಂ ತಾಮ್ರವಾಗುತ್ತದೆ. ಮೃದು ನೀರಿನ ಮೀನಿನ ಪ್ರಾಣಕ್ಕೆ ಇಷ್ಟೂ ಮುಳುವಾಗಬಹುದು. ಗಡಸು ನೀರಿನಲ್ಲಿ ಸುಣ್ಣದ ಅಂಶ ತಾಮ್ರದ ವಿಷವನ್ನು ಸ್ವಲ್ಪ ತಗ್ಗಿಸುತ್ತದೆ. ಮಲೆನಾಡಿನ ನೀರಿಗೆ ಆ ರಕ್ಷಣೆ ಇಲ್ಲ. ಆದ್ದರಿಂದ ದ್ರಾವಣ ಕಲಸಿದ ಬಕೆಟ್ಟು, ಡ್ರಮ್ಮು, ಪೈಪುಗಳನ್ನು ಎಷ್ಟೇ ತೊಳೆದರೂ ಮೀನಿನ ನೀರಿಗೆ ಬಳಸಕೂಡದು. ಮೀನಿಗೆಂದೇ ಒಂದು ಬಕೆಟ್ಟು ಗುರುತು ಹಾಕಿ ಇಡಿ. ಔಷಧಿ ಹೊಡೆದ ದಿನ ತೋಟದ ಹಳ್ಳದ ನೀರು ತರಬೇಡಿ, ಕೈಯನ್ನು ತೊಟ್ಟಿಯಲ್ಲಿ ಅದ್ದಬೇಡಿ. ಕಾಫಿ ಪಲ್ಪಿಂಗಿನ ಕಾಲದಲ್ಲಿಯೂ ಹಳ್ಳದ ನೀರಿನ ಮೇಲೆ ನಿಗಾ ಇರಲಿ. ತಿರುಳಿನ ನೀರು ಸೇರಿದರೆ ಅದರಲ್ಲಿ ಆಮ್ಲಜನಕ ಉಳಿಯದು.

ಬೇಸಿಗೆ ಮತ್ತು ಮಳೆಗಾಲ

ಬೀದರಿನ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತೊಟ್ಟಿಯ ನೀರು ದಿನದಿನವೂ ಇಳಿಯುತ್ತದೆ. ನೀರು ಆರುತ್ತದೆಯೇ ಹೊರತು ಲವಣ ಆರುವುದಿಲ್ಲ. ಇಳಿದಷ್ಟಕ್ಕೂ ಬಾವಿನೀರನ್ನೇ ತುಂಬುತ್ತಾ ಹೋದರೆ ಗಡಸುತನ ಏರುತ್ತಾ ಹೋಗುತ್ತದೆ. ಇಳಿದ ಪ್ರಮಾಣಕ್ಕೆ ಶೇಖರಿಸಿಟ್ಟ ಮಳೆನೀರು ಅಥವಾ ಶುದ್ಧೀಕರಣ ಯಂತ್ರದ ನೀರು ಸೇರಿಸಿ, ವಾರದ ಬದಲಾವಣೆಗೆ ಬಾವಿನೀರು ಬಳಸಿ. ತೊಟ್ಟಿಯನ್ನು ಒಳಮನೆಯಲ್ಲಿಟ್ಟು, ಗಾಜಿನ ಮುಚ್ಚಳದ ಬದಲು ಜಾಲರಿ ಹಾಕಿ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಗಾಳಿಯ ಪಂಪು ನಿಲ್ಲದಿರಲಿ.

ಮಲೆನಾಡಿನಲ್ಲಿ ಇದಕ್ಕೆ ವಿರುದ್ಧ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರದಿರುವುದುಂಟು. ಮೀನಿನ ಸಂಖ್ಯೆ ಲೆಕ್ಕದಲ್ಲಿದ್ದರೆ ಅಷ್ಟು ದಿನ ತಡೆಯುತ್ತವೆ. ಆಗ ಆಹಾರ ನಿಲ್ಲಿಸಿ, ಕೆಲವು ತಾಸಿಗೊಮ್ಮೆ ಲೋಟದಿಂದ ನೀರು ಮೊಗೆದು ಎತ್ತರದಿಂದ ಸುರಿಯಿರಿ. ಚಳಿಗಾಲದ ರಾತ್ರಿಗೆ ಲೀಟರಿಗೆ ಸುಮಾರು 1 ವ್ಯಾಟಿನ ಲೆಕ್ಕದಲ್ಲಿ ಹೀಟರು ಇದ್ದರೆ ಒಳ್ಳೆಯದು.

ಕೆರೆ ಹೊಳೆಗೆ ಬಿಡಬೇಡಿ

ಸಾಕಿ ಬೇಸರವಾದ ಮೀನನ್ನು ಕೆರೆಗೆ ಬಿಡುವುದು ಪುಣ್ಯವೆಂದು ಕೆಲವರ ಭಾವನೆ. ಅದರಿಂದ ಆಗುವುದು ಹಾನಿಯೇ. ಸಕ್ಕರ್ ಮೀನು ಹೀಗೆಯೇ ದಕ್ಷಿಣ ಭಾರತದ ಹಲವು ಕೆರೆ, ಹೊಳೆಗಳಲ್ಲಿ ನೆಲೆಯೂರಿ, ಮೀನುಗಾರರ ಬಲೆ ಹರಿಯುತ್ತಿದೆ. ಅಂತರಗಂಗೆಯಂಥ ಕಳೆ ಕೆರೆಗೆ ಹೇಗೆ ಹಬ್ಬುತ್ತದೆಂದು ನಮಗೆಲ್ಲ ಗೊತ್ತು. ತೊಟ್ಟಿಯ ಗಿಡದ ತುಂಡೂ ಹಾಗೆಯೇ ಹಬ್ಬೀತು. ಭಾಲ್ಕಿಯ ಕಾರಂಜಾ ಜಲಾಶಯಕ್ಕೆ ಬಿಟ್ಟದ್ದು ಮಾಂಜ್ರಾ ಸೇರಿ ಗೋದಾವರಿಗೆ ಹೋಗಬಲ್ಲದು. ತುಂಗೆಗೆ ಬಿಟ್ಟದ್ದು ಕೃಷ್ಣೆಯವರೆಗೆ ಹೋಗಬಲ್ಲದು. ಹೆಚ್ಚಾದ ಮೀನನ್ನು ಇನ್ನೊಬ್ಬ ಸಾಕುವವರಿಗೆ ಅಥವಾ ಅಂಗಡಿಗೆ ಕೊಡಿ. ಗಿಡದ ಕತ್ತರಿಸಿದ ತುಂಡುಗಳನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ತೊಟ್ಟಿಯಿಂದ ತೆಗೆದ ನೀರು ಹೂಗಿಡಕ್ಕೆ ಒಳ್ಳೆಯ ಗೊಬ್ಬರ ನೀರು.

ಹೊಳೆಯ ಮೀನಿಗೆ ನೀರು ಹಿಡಿಸದಿದ್ದರೆ ಬೇರೆ ಮಡುವಿಗೆ ಹೋಗುವ ದಾರಿಯಿದೆ. ತೊಟ್ಟಿಯ ಮೀನಿಗೆ ಆ ದಾರಿ ಇಲ್ಲ. ನಾವು ಹಾಕಿದ ನೀರು, ನಾವು ಕೂಡಿಸಿದ ಜೊತೆ, ಇವೆರಡರಲ್ಲೇ ಅದರ ಬಾಳು. ಆದುದರಿಂದ ಮೊದಲು ನೀರು ಪರೀಕ್ಷಿಸಿ, ಎರಡನೆಯದಾಗಿ ಗಿಡ ನೆಡಿ, ಮೂರನೆಯದಾಗಿ ಆರು ವಾರ ಕಾಯಿರಿ, ಕೊನೆಯಲ್ಲಿ ಮೀನು ಬಿಡಿ. ಹೆಚ್ಚಿನ ಮಾಹಿತಿ ಬೇಕಾದವರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ವಿಚಾರಿಸಬಹುದು.